ಶಾಲೆ ಕೆಲಸಕ್ಕೆ ಗ್ರಾಮಸಭೆಲಿ ಮಂಜೂರಿ ಪಡೆಯೋದು ಹೇಗೆ

ಗ್ರಾಮಸಭೆಲಿ ಎದ್ದು ನಿಂತು "ನಮ್ಮೂರ ಶಾಲೆ ಅಭಿವೃದ್ಧಿ ಮಾಡಿ" ಅಂದ್ರೆ ಎಲ್ಲರೂ ತಲೆ ಆಡಿಸ್ತಾರೆ, ಮುಂದೆ ಏನೂ ಆಗೋದಿಲ್ಲ. ಒಂದೇ ಕೆಲಸ ಹಿಡ್ಕೊಂಡು ಹೋಗಿ. ಶೌಚಾಲಯಕ್ಕೆ ನೀರಿಲ್ಲ, ಇಲ್ಲಾ ಅಡುಗೆಕೋಣೆ ಹಂಚು ಒಡೆದು ಅಕ್ಕಿ ಚೀಲದ ಮೇಲೇ ಸೋರ್ತದೆ, ಹೀಗೆ. ಸೋರೋದನ್ನ ಮಳೆಗಾಲದಲ್ಲೇ ಫೋಟೋ ತೆಗೆದಿಡಿ, ಬೇಸಿಗೆಲಿ ಒಣಗಿದ ಗೋಡೆ ತೋರಿಸಿದ್ರೆ ಯಾರಿಗೂ ನಾಟೋದಿಲ್ಲ.

ಮೊದಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಲಿ ಠರಾವು ಮಾಡಿಸಿ, ಹೆಡ್‌ಮಾಸ್ತರ್ರ ಸಹಿ ಇರ್ಲಿ, ಆಮೇಲೆ ಇಂಜಿನಿಯರ್ ಹತ್ರ ಎಸ್ಟಿಮೇಟ್ ಕೇಳಿ. ಹಣ ಯಾವ ಲೆಕ್ಕದಿಂದ ಅಂತನೂ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ರ ಮೊದಲೇ ಮಾತಾಡ್ಕೊಳ್ಳಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 60% ಕುಡಿಯೋ ನೀರು, ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟಿದ್ರು, ಅದಕ್ಕೇ ನೀರು, ಶೌಚಾಲಯದ ಬೇಡಿಕೆಗೆ "ದುಡ್ಡಿಲ್ಲ" ಅನ್ನೋದು ಸ್ವಲ್ಪ ಕಷ್ಟ.

ನಿಜವಾದ ಕೆಲಸ ವಾರ್ಡ್ ಸಭೆಲೇ ಇರೋದು, ಬೇಡಿಕೆ ಪಟ್ಟಿ ಅಲ್ಲೇ ತಯಾರಾಗ್ತದೆ, ಅಲ್ಲಿ ಹೆಸರಿಲ್ಲದೇ ಇದ್ದದ್ದು ಗ್ರಾಮಸಭೆಲಿ ಕೂಗಿದ್ರೂ ಹಿಂದೆ ಬೀಳ್ತದೆ. ಜನ ಬರಬೇಕಲ್ಲ ಮಾರಾಯ್ರೆ! ಶಿರಸಿ ಕಡೆ ಅಡಿಕೆ ಕೊಯ್ಲು ಜೋರಿದ್ದಾಗ ಸಭೆ ಇಟ್ರೆ ಕುರ್ಚಿ ಖಾಲಿ. ಕಾರವಾರ, ಹೊನ್ನಾವರ ಕರಾವಳಿಲಿ ಜೂನ್, ಜುಲೈ ಟ್ರಾಲಿಂಗ್ ನಿಷೇಧ ಇರೋದ್ರಿಂದ ಬೋಟಿನವರೂ ಮನೆಲಿ ಸಿಗ್ತಾರೆ, ಆಗ ಮನೆಮನೆ ಹೋಗಿ ಮಾತಾಡಿಬಿಡಿ. ತಾಯಂದಿರ ಹತ್ರ ಮಾತಾಡೋಕೆ ಬಿಸಿಯೂಟದ ಅಕ್ಕಂದಿರನ್ನೇ ಕರ್ಕೊಂಡು ಹೋಗಿ, ಮಕ್ಕಳು ಏನು ತಿಂತಾರೆ, ಎಲ್ಲಿ ಕೂತು ತಿಂತಾರೆ ಅಂತ ಅವರಷ್ಟು ಗೊತ್ತಿದ್ದವರು ಬೇರೆ ಯಾರೂ ಇಲ್ಲ.

"ನಮ್ಮ ಮಕ್ಕಳು ಕಾನ್ವೆಂಟಿಗೆ ಹೋಗ್ತಾರೆ, ನಮಗೇನು?" ಅನ್ನೋರು ಸಿಕ್ಕೇ ಸಿಗ್ತಾರೆ. ಅವರ ಮೇಲೆ ಸಿಟ್ಟು ಬೇಡ, ಅವರದ್ದೂ ವೋಟೇ. ಗಂಗಾವಳಿ, ಅಘನಾಶಿನಿ ಹೊಳೆ ಉಕ್ಕಿದಾಗ ನೆರೆ ಬಂದವರಿಗೆ ಕಾಳಜಿ ಕೇಂದ್ರ ತೆರೆಯೋದು ಎಲ್ಲಿ, ವೋಟು ಹಾಕೋಕೆ ಸಾಲು ನಿಲ್ಲೋದು ಎಲ್ಲಿ ಅಂತ ಕೇಳಿ. ಆ ಶೌಚಾಲಯ, ಆ ನೀರು ಆವತ್ತು ಅವರಿಗೂ ಬೇಕಾಗ್ತದೆ. ನನ್ನ ಪ್ರಕಾರ ಈ ಮಾತು ಭಾಷಣಕ್ಕಿಂತ ಹೆಚ್ಚು ಕೆಲಸ ಮಾಡ್ತದೆ. ಮಕ್ಕಳ ಗ್ರಾಮಸಭೆಲೂ ಮಕ್ಕಳೇ ಕೇಳ್ಲಿ, ಕಲಿಸಿಕೊಟ್ಟು ಅಲ್ಲ, ಅವರಿಗೆ ಕಂಡದ್ದನ್ನ.

ಸಭೆ ದಿನ ಕೈ ಎತ್ತಿದ ಕೂಡ್ಲೇ ಮನೆಗೆ ಹೊರಡಬೇಡಿ. ನಡಾವಳಿ ಪುಸ್ತಕದಲ್ಲಿ ಕೆಲಸದ ಹೆಸರು, ಶಾಲೆ ಹೆಸರು, ಅಂದಾಜು ಮೊತ್ತ ಬರೆದಿದ್ದಾರಾ ಅಂತ ನಿಂತು ಓದಿಸಿ. ಆಮೇಲೆ ಕ್ರಿಯಾ ಯೋಜನೆಲಿ ಸೇರಿದೆಯಾ ಅಂತ ಪಂಚಾಯ್ತಿಗೆ ಹೋಗಿ ನೋಡಿ, ಪ್ರತಿ ಕೊಡದಿದ್ರೆ ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡ್ಲೇಬೇಕು.