ಹೋಮ್‌ವರ್ಕ್ ಮುಗೀತು ಸರಿ, 'ಟರ್ನ್ ಇನ್' ಒತ್ತಿದ್ದಾಯಿತಾ?

ಮಗಳು ವಿಜ್ಞಾನದ ಹೋಮ್‌ವರ್ಕ್ ಮುಗಿಸಿದ್ದಳು. ಎಲೆಯ ಚಿತ್ರ ಬಿಡಿಸಿ, ಭಾಗಗಳ ಹೆಸರು ಬರೆದು, ಫೋಟೊ ತೆಗೆದು ಶಾಲೆಯವರು ಹೋಮ್‌ವರ್ಕ್‌ಗೆ ಬಳಸುವ ಆ್ಯಪ್ ಗೂಗಲ್ ಕ್ಲಾಸ್‌ರೂಮ್‌ಗೆ ಹಾಕಿಯೂ ಆಗಿತ್ತು. ನಾನೇ ಪಕ್ಕದಲ್ಲಿ ಕೂತಿದ್ದೆ. ವಾರ ಕಳೆದ ಮೇಲೆ ಟೀಚರ್ ಕೇಳಿದರು, 'ಇನ್ನೂ ಕಳಿಸಿಲ್ಲವಲ್ಲ?' ತೆರೆದು ನೋಡಿದರೆ ಕೆಂಪಕ್ಷರದಲ್ಲಿ 'ಮಿಸ್ಸಿಂಗ್'. ಫೋಟೊ ಅಲ್ಲೇ ಇದೆ. ಅದರ ಕೆಳಗೆ 'ಟರ್ನ್ ಇನ್', ಅಂದರೆ ಟೀಚರಿಗೆ ಒಪ್ಪಿಸು, ಅನ್ನುವ ಬಟನ್ ಕೂಡ ಹಾಗೇ ಇದೆ. ನಾವಿಬ್ಬರೂ ಅದನ್ನು ಒತ್ತಿಯೇ ಇರಲಿಲ್ಲ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಜಗತ್ತಿನಲ್ಲಿ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳು ಮನೆಯಲ್ಲಿ ಉಳಿದರು ಎಂದು ಯುನೆಸ್ಕೊ ಲೆಕ್ಕ ಹಾಕಿತ್ತು. ಆಗ ಅವಸರದಲ್ಲಿ ಕಲಿತ ಆನ್‌ಲೈನ್ ವ್ಯವಸ್ಥೆಗಳು ಶಾಲೆ ತೆರೆದ ಮೇಲೂ ಹೋಗಲಿಲ್ಲ. ಹೋಮ್‌ವರ್ಕ್, ನೋಟಿಸು, ಟೆಸ್ಟಿನ ಅಂಕ ಎಲ್ಲ ಈಗಲೂ ಅಲ್ಲೇ ಬರುತ್ತವೆ. ಅಪ್ಪ ಅಮ್ಮ ಹೆದರುವುದು ಪಾಠ ಹೇಳಿಕೊಡಬೇಕಾಗುತ್ತದೆ ಎಂದು. ಅದು ಟೀಚರ್ ಕೆಲಸ, ಬಿಡಿ. ನಮಗೆ ಗೊತ್ತಿರಬೇಕಾದ್ದು ದಾರಿ ಮಾತ್ರ: ಎಲ್ಲಿಂದ ಒಳಗೆ ಹೋಗಬೇಕು, ಕೆಲಸ ಎಲ್ಲಿದೆ, ಮಾಡಿದ್ದು ತಲುಪಿತೋ ಇಲ್ಲವೋ.

ಮೊದಲು ಒಂದು ಹಾಳೆ, ಒಂದು ಪೆನ್ನು

ಮೊಬೈಲ್ ತೆಗೆಯುವ ಮೊದಲು ಹಾಳೆ ತೆಗೆದುಕೊಳ್ಳಿ. ಮಗು ಬಳಸುವ ಆ್ಯಪ್‌ಗಳನ್ನೆಲ್ಲ ಅದರ ಬಾಯಲ್ಲೇ ಹೇಳಿಸಿ ಬರೆಯಿರಿ. ನಾಲ್ಕೈದು ಇದ್ದರೆ ಗಾಬರಿ ಬೇಡ, ಅವು ಮಾಡುವ ಕೆಲಸ ಮೂರೇ. ಗೂಗಲ್ ಕ್ಲಾಸ್‌ರೂಮ್, ಮೈಕ್ರೋಸಾಫ್ಟ್ ಟೀಮ್ಸ್, ಮೂಡಲ್ ಇವೆಲ್ಲ ಹೋಮ್‌ವರ್ಕ್ ಕೊಡುವ, ವಾಪಸ್ ತೆಗೆದುಕೊಳ್ಳುವ ಜಾಗ. ಜೂಮ್, ಗೂಗಲ್ ಮೀಟ್ ಇರುವುದು ಮುಖ ನೋಡಿ ಪಾಠ ಕೇಳುವುದಕ್ಕೆ. ಟೀಮ್ಸ್‌ನಲ್ಲಿ ಎರಡೂ ಆಗುತ್ತದೆ. ಮೂರನೆಯದು ಅಭ್ಯಾಸಕ್ಕೆ. 2008ರಲ್ಲಿ ಶುರುವಾದ ಖಾನ್ ಅಕಾಡೆಮಿ ಈ ಗುಂಪಿನದು. ಲಾಭಕ್ಕಾಗಿ ನಡೆಸುವ ಸಂಸ್ಥೆ ಅಲ್ಲ, ಪಾಠಗಳಿಗೆ ದುಡ್ಡಿಲ್ಲ.

ಒಂದೊಂದು ಹೆಸರಿನ ಮುಂದೆ ಲಾಗಿನ್ ಐಡಿ, ಪಾಸ್‌ವರ್ಡ್, ತೊಂದರೆಯಾದರೆ ಯಾರನ್ನು ಕೇಳಬೇಕು, ಇಷ್ಟು ಬರೆಯಿರಿ. ಪಾಸ್‌ವರ್ಡ್ ಕಾಗದದಲ್ಲಿ ಬರೆಯಬಾರದು ಅನ್ನುವವರಿದ್ದಾರೆ. ಮನೆಯ ಬೀರುವಿನೊಳಗೆ ಇರುವ ಹಾಳೆಯಿಂದ ಅಪಾಯ ಕಡಿಮೆ, ಬೆಳಿಗ್ಗೆ ಕ್ಲಾಸ್ ಶುರುವಾಗುವ ಹೊತ್ತಿಗೆ ಮರೆತುಹೋಗುವ ಪಾಸ್‌ವರ್ಡಿನಿಂದ ತಲೆನೋವು ಜಾಸ್ತಿ ಅನ್ನುವುದು ನನ್ನ ಲೆಕ್ಕ. ಶಾಲೆ ಕೊಟ್ಟ ಖಾತೆಯ ಪಾಸ್‌ವರ್ಡ್ ಮರೆತರೆ ಸಾಮಾನ್ಯವಾಗಿ ಶಾಲೆಯವರೇ ಬದಲಿಸಿಕೊಡಬೇಕಾಗುತ್ತದೆ. ಆದ್ದರಿಂದ ಶಾಲೆಯ ಫೋನ್ ನಂಬರ್ ಕೂಡ ಹಾಳೆಯಲ್ಲಿರಲಿ.

ಯಾರ ಖಾತೆಯಲ್ಲಿ ಇದ್ದೀರಿ?

'ಲಿಂಕ್ ತೆರೆಯುತ್ತಿಲ್ಲ' ಎಂಬ ದೂರು ಬಂದಾಗ ನಾನು ಮೊದಲು ನೋಡುವುದು ಪರದೆಯ ಮೇಲಿನ ಬಲಮೂಲೆ. ಅಲ್ಲೊಂದು ಚಿಕ್ಕ ದುಂಡನೆ ಚಿತ್ರ ಇರುತ್ತದೆ, ಅಲ್ವಾ? ಎಷ್ಟೋ ಸಲ ಅದು ಅಮ್ಮನದೋ ಅಪ್ಪನದೋ ಆಗಿರುತ್ತದೆ. ಶಾಲೆಯ ಫೈಲನ್ನು ಮನೆಯ ಜಿಮೇಲ್‌ನಿಂದ ತೆರೆಯಲು ಹೋದರೆ 'ಅನುಮತಿ ಬೇಕು' ಎನ್ನುತ್ತದೆ. ಆಗ ಅನುಮತಿ ಕೇಳುವ ಬಟನ್ ಒತ್ತಬೇಡಿ. ಟೀಚರಿಗೆ ನಿಮ್ಮ ಹೆಸರಿನಲ್ಲಿ ಒಂದು ಮೇಲ್ ಹೋಗುತ್ತದೆ ಅಷ್ಟೇ, ಮಗುವಿನ ಕೆಲಸ ಮುಂದಕ್ಕೆ ಹೋಗುವುದಿಲ್ಲ. ಆ ಚಿತ್ರ ಒತ್ತಿ ಶಾಲೆಯ ಖಾತೆಗೆ ಬದಲಿಸಿ.

ಇದು ದಿನಾ ಕಾಡಿದರೆ ಶಾಶ್ವತ ಮದ್ದು ಇದೆ. ಕಂಪ್ಯೂಟರಿನ ಕ್ರೋಮ್ ಬ್ರೌಸರಿನಲ್ಲಿ ಪ್ರೊಫೈಲ್ ಚಿತ್ರ ಒತ್ತಿ, ಮಗುವಿಗೆ ಬೇರೆಯದೇ ಪ್ರೊಫೈಲ್ ಮಾಡಿ. ಇಬ್ಬರು ಮಕ್ಕಳಿದ್ದರೆ ಎರಡು. ಬುಕ್‌ಮಾರ್ಕ್, ಪಾಸ್‌ವರ್ಡ್ ಎಲ್ಲ ಬೇರೆ ಬೇರೆ ಇರುತ್ತವೆ. ಬಣ್ಣವನ್ನೂ ಬೇರೆ ಕೊಡಿ. ಓದಲು ಬರದ ಚಿಕ್ಕವರೂ ಬಣ್ಣ ನೋಡಿ ತಮ್ಮ ಕಿಟಕಿ ಗುರುತಿಸುತ್ತಾರೆ.

ಕೆಲಸ ಎಲ್ಲಿ ಅಡಗಿದೆ

ಗೂಗಲ್ ಕ್ಲಾಸ್‌ರೂಮ್‌ನಲ್ಲಿ ಹೊಸ ತರಗತಿಗೆ ಸೇರಲು ಟೀಚರ್ ಕ್ಲಾಸ್ ಕೋಡ್ ಕೊಡುತ್ತಾರೆ. ಕೆಲವೇ ಅಕ್ಷರ, ಅಂಕಿಗಳ ಸಾಲು. ಕೈಯಿಂದ ನೋಡಿಕೊಂಡು ಟೈಪ್ ಮಾಡಿದರೆ ತಪ್ಪುತ್ತದೆ, ಕಾಪಿ ಮಾಡಿ ಅಂಟಿಸಿ.

ಒಳಗೆ ಹೋದ ಮೇಲೆ ಎಲ್ಲರೂ ಎಡವುವ ಜಾಗ 'ಸ್ಟ್ರೀಮ್'. ಅದು ನೋಟಿಸ್ ಬೋರ್ಡ್ ಇದ್ದ ಹಾಗೆ. ಹೊಸದು ಮೇಲೆ ಬರುತ್ತದೆ, ಹಳೆಯದು ಕೆಳಗೆ ಜಾರುತ್ತದೆ. 'ಥ್ಯಾಂಕ್ಯೂ ಮಿಸ್' ಅನ್ನುವ ಸಾಲುಗಳ ನಡುವೆ ಹೋಮ್‌ವರ್ಕ್ ಕಳೆದುಹೋಗುತ್ತದೆ. ನೋಡಬೇಕಾದ್ದು ಪಕ್ಕದ 'ಕ್ಲಾಸ್‌ವರ್ಕ್'. ಅಲ್ಲಿ ಎಲ್ಲವೂ ವಿಷಯವಾರು ಜೋಡಿಸಿದ ಹಾಗೆ ಸಿಗುತ್ತದೆ. ಎಲ್ಲ ವಿಷಯಗಳ ಬಾಕಿಯನ್ನೂ ಒಟ್ಟಿಗೆ ನೋಡಬೇಕೆಂದರೆ ಮೆನುವಿನಲ್ಲಿ 'ಟು-ಡು' ಇದೆ. ದಿನಕ್ಕೊಮ್ಮೆ ಅದನ್ನು ತೆರೆದು ನೋಡಿದರೆ ಸಾಕು.

ಕೊನೆಯ ದಿನಾಂಕ ನೋಡುವಾಗ ಗಂಟೆಯನ್ನೂ ನೋಡಿ. ಟೀಚರ್ ಸಮಯ ಹಾಕದೆ ಬರೀ ತಾರೀಖು ಹಾಕಿದರೆ ಕ್ಲಾಸ್‌ರೂಮ್ ಅದನ್ನು ರಾತ್ರಿ 11:59 ಎಂದು ಎಣಿಸುತ್ತದೆ. ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ಹತ್ತೂವರೆಗೆ ನಿದ್ದೆಗಣ್ಣಲ್ಲಿ ಶುರು ಮಾಡುವುದಕ್ಕೆ ಕಾರಣ ಅದೇ. ನಿಮ್ಮ ಮನೆಯ ಕೊನೆಯ ಗಂಟೆಯನ್ನು ನೀವೇ ಗೊತ್ತುಮಾಡಿ.

ಫೋಟೊ ತೆಗೆದು ಒಪ್ಪಿಸುವುದು

ಇದೇ ಮುಖ್ಯ, ಸ್ವಲ್ಪ ನಿಧಾನವಾಗಿ ನೋಡೋಣ.

ಪುಸ್ತಕವನ್ನು ಕಿಟಕಿಯ ಹತ್ತಿರ ಮೇಜಿನ ಮೇಲೆ ಇಡಿ. ದೀಪ ತಲೆಯ ಹಿಂದೆ ಇದ್ದರೆ ನಿಮ್ಮ ಕೈಯ ನೆರಳು ಅಕ್ಷರದ ಮೇಲೇ ಬೀಳುತ್ತದೆ. ಫೋನನ್ನು ಹಾಳೆಗೆ ಸಮಾಂತರವಾಗಿ ಹಿಡಿಯಿರಿ, ವಾರೆಯಾಗಿ ಅಲ್ಲ. ಹಾಳೆಯ ನಾಲ್ಕು ಮೂಲೆಯೂ ಕಾಣಲಿ. ತೆಗೆದ ಮೇಲೆ ದೊಡ್ಡದು ಮಾಡಿ, ಅತಿ ಸಣ್ಣ ಅಕ್ಷರ ಓದಲು ಬರುತ್ತದಾ ನೋಡಿ. ಪೆನ್ಸಿಲ್ಲಿನಲ್ಲಿ ಬರೆದದ್ದು ಎಷ್ಟೋ ಸಲ ಮಸುಕಾಗಿ ಬರುತ್ತದೆ.

ಐದಾರು ಪುಟ ಇದ್ದರೆ ಬಿಡಿ ಫೋಟೊ ಕಳಿಸಬೇಡಿ. ಫೈಲುಗಳನ್ನು ಆನ್‌ಲೈನ್‌ನಲ್ಲಿ ಇಡುವ ಗೂಗಲ್ ಡ್ರೈವ್ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡುವ ಸೌಲಭ್ಯ ಇದೆ. ಒಂದರ ಹಿಂದೆ ಒಂದು ಪುಟ ತೆಗೆದರೆ ಎಲ್ಲ ಸೇರಿ ಒಂದೇ ಪಿಡಿಎಫ್ ಆಗುತ್ತದೆ. ಐಫೋನಿನ ನೋಟ್ಸ್‌ನಲ್ಲೂ ಇದು ಆಗುತ್ತದೆ. ಅಂದಹಾಗೆ ಐಫೋನ್ ಫೋಟೊಗಳು 'ಹೆಚ್‌ಇಐಸಿ' ಎಂಬ ರೂಪದಲ್ಲಿ ಇರುತ್ತವೆ, ಕೆಲವು ಕಡೆ ತೆರೆಯುವುದಿಲ್ಲ. ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ಗೆ ಹೋಗಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿದರೆ ಮಾಮೂಲಿ ಜೆಪೆಗ್ ಬರುತ್ತದೆ. ಫೈಲಿಗೆ ಹೆಸರನ್ನೂ ಕೊಡಿ. ನಲವತ್ತು ಮಕ್ಕಳ ಕೆಲಸ ನೋಡುವ ಟೀಚರಿಗೆ 'ಮಗುವಿನ ಹೆಸರು, ಗಣಿತ, ಪಾಠ 4' ಅನ್ನುವುದು ಬರೀ ಅಂಕಿಗಳ ಹೆಸರಿಗಿಂತ ಎಷ್ಟೋ ವಾಸಿ.

ಈಗ ಅಸೈನ್‌ಮೆಂಟ್ ತೆರೆದು, ಫೈಲ್ ಸೇರಿಸಿ. ಅದು ಪೂರ್ತಿ ಏರುವ ತನಕ ಕಾಯಿರಿ. ಆಮೇಲೆ 'ಟರ್ನ್ ಇನ್'. ಕೆಲವರ ಫೋನಿನಲ್ಲಿ ಇದೇ 'ಹ್ಯಾಂಡ್ ಇನ್' ಎಂದಿರುತ್ತದೆ. ಇನ್ನೊಂದು ಸಲ ಖಚಿತ ಮಾಡಲು ಕೇಳುತ್ತದೆ, ಆಗಲೂ ಒತ್ತಬೇಕು. ಮಕ್ಕಳು ಆ ಎರಡನೆಯದಕ್ಕೆ ಮೊದಲೇ ಫೋನ್ ಇಟ್ಟು ಓಡಿರುತ್ತಾರೆ! ಕಳಿಸಿದ ಮೇಲೆ 'ಅಸೈನ್ಡ್' ಇದ್ದ ಜಾಗದಲ್ಲಿ 'ಟರ್ನ್ಡ್ ಇನ್' ಎಂದು ಬಂದಿರಬೇಕು. ಅದನ್ನು ಕಣ್ಣಾರೆ ನೋಡಿದರೆ ಮಾತ್ರ ಕೆಲಸ ಮುಗಿದ ಹಾಗೆ.

ಇದರ ಉಲ್ಟಾ ಎಡವಟ್ಟೂ ಇದೆ. ಫೈಲ್ ಏನೂ ಸೇರಿಸದಿದ್ದರೆ ಅದೇ ಬಟನ್ 'ಮಾರ್ಕ್ ಆ್ಯಸ್ ಡನ್' ಎಂದು ತೋರಿಸುತ್ತದೆ. ಮಗು ಸುಮ್ನೆ ಅದನ್ನು ಒತ್ತಿಬಿಟ್ಟರೆ ಕೆಲಸ ಮುಗಿದಂತೆಯೇ ಕಾಣುತ್ತದೆ, ಒಳಗೆ ಮಾತ್ರ ಏನೂ ಇರುವುದಿಲ್ಲ. ತಪ್ಪು ಫೈಲ್ ಹೋಗಿದ್ದರೆ 'ಅನ್‌ಸಬ್‌ಮಿಟ್' ಮಾಡಿ ಸರಿಯಾದದ್ದು ಹಾಕಬಹುದು. ಮತ್ತೆ 'ಟರ್ನ್ ಇನ್' ಒತ್ತುವುದನ್ನು ಮಾತ್ರ ಮರೆಯಬೇಡಿ. ಕೊನೆಯ ಸಮಯ ದಾಟಿದ್ದರೆ 'ಲೇಟ್' ಎಂದು ಬೀಳುತ್ತದೆ.

ಲೈವ್ ಕ್ಲಾಸ್ ನಿಂತು ನಿಂತು ಬಂದರೆ

ವೈಫೈ ಪೆಟ್ಟಿಗೆಯ ಹತ್ತಿರ ಕೂರಿಸಿ. ಎರಡು ಹೆಸರಿನ ವೈಫೈ ಇದ್ದರೆ 5 ಗಿಗಾಹರ್ಟ್ಸ್‌ನದು ವೇಗ, ಆದರೆ ಗೋಡೆ ದಾಟಲು ಸೋಲುತ್ತದೆ. ದೂರದ ಕೋಣೆಗೆ 2.4 ವಾಸಿ. ಮನೆಯಲ್ಲಿ ಬೇರೆಯವರು ಸಿನಿಮಾ ನೋಡುತ್ತಿದ್ದರೆ ಅದನ್ನು ನಿಲ್ಲಿಸಿ. ಟೀಚರ್ ಒಪ್ಪಿದರೆ ಮಗುವಿನ ವಿಡಿಯೊ ಆಫ್ ಮಾಡಿ, ದನಿ ಉಳಿಯುತ್ತದೆ. ಯೂಟ್ಯೂಬ್ ಪಾಠಕ್ಕೆ 480 ಗುಣಮಟ್ಟ ಸಾಕು, ಬೋರ್ಡ್ ಮೇಲಿನ ಅಕ್ಷರ ಕಾಣುತ್ತದೆ. ಅರ್ಥವಾಗದಿದ್ದರೆ ವೇಗವನ್ನು 0.75ಕ್ಕೆ ಇಳಿಸಿ.

ಕ್ಲಾಸಿನ ಲಿಂಕನ್ನು ಎಲ್ಲೆಂದರಲ್ಲಿ ಹಂಚಬೇಡಿ. 2020ರಲ್ಲಿ ಅಪರಿಚಿತರು ಕ್ಲಾಸುಗಳಿಗೆ ನುಗ್ಗಿ ಗಲಾಟೆ ಮಾಡಿದ ಮೇಲೆಯೇ ಜೂಮ್ ಕಂಪನಿ ಪಾಸ್‌ವರ್ಡನ್ನೂ, ಟೀಚರ್ ಒಳಗೆ ಬಿಡುವ ತನಕ ಹೊರಗೆ ನಿಲ್ಲಿಸುವ 'ಕಾಯುವ ಕೋಣೆ'ಯನ್ನೂ ತಾನಾಗಿ ಬರುವಂತೆ ಮಾಡಿದ್ದು. ಬೇರೆ ಮಕ್ಕಳ ಮುಖ ಇರುವ ಸ್ಕ್ರೀನ್‌ಶಾಟ್ ಸ್ಟೇಟಸ್‌ಗೆ ಹಾಕುವುದೂ ಬೇಡ.

ನಿಮಗೂ ಒಂದು ಕಿಟಕಿ

ಮಗುವಿನ ಫೋನ್ ಕಸಿದು ನೋಡುವುದು ಬೇಕಿಲ್ಲ. ಕ್ಲಾಸ್‌ರೂಮ್‌ನಲ್ಲಿ ಪೋಷಕರಿಗೆ ದಿನಕ್ಕೊಮ್ಮೆ ಅಥವಾ ವಾರಕ್ಕೊಮ್ಮೆ ಇಮೇಲ್ ಬರುವ ವ್ಯವಸ್ಥೆ ಇದೆ. ಯಾವುದು ಬಾಕಿ, ಮುಂದೆ ಏನಿದೆ ಎಂದು ಅದರಲ್ಲಿರುತ್ತದೆ. ಆದರೆ ನೀವಾಗಿ ಸೇರಲು ಆಗುವುದಿಲ್ಲ, ಶಾಲೆಯವರು ಆಹ್ವಾನ ಕಳಿಸಬೇಕು. ಕೇಳಿ ನೋಡಿ. ಖಾನ್ ಅಕಾಡೆಮಿಯಲ್ಲಾದರೆ ಪೋಷಕರ ಖಾತೆ ತೆರೆದು ಮಗುವನ್ನು ಸೇರಿಸಿಕೊಳ್ಳಬಹುದು.

ಪರದೆಯ ಇಂಗ್ಲಿಷ್ ನಿಮಗೆ ಕಷ್ಟವಾದರೆ ಕ್ರೋಮ್‌ನಲ್ಲಿ ಪುಟವನ್ನು ಕನ್ನಡಕ್ಕೆ ಅನುವಾದಿಸಿಕೊಳ್ಳಿ. ಅನುವಾದ ಕೆಲವೊಮ್ಮೆ ನಗು ಬರಿಸುತ್ತದೆ, ಆದರೆ ವಿಷಯ ತಿಳಿಯುತ್ತದೆ.

ಟೀಚರಿಗೆ ಬರೆಯುವಾಗ 'ಆ್ಯಪ್ ಕೆಲಸ ಮಾಡ್ತಿಲ್ಲ' ಎಂದಷ್ಟೇ ಬರೆದರೆ ಅವರಿಗೂ ಏನೂ ಹೊಳೆಯುವುದಿಲ್ಲ. ಮಗುವಿನ ಹೆಸರು, ತರಗತಿ, ಯಾವ ಅಸೈನ್‌ಮೆಂಟ್, ಏನು ಒತ್ತಿದಾಗ ಏನು ಬಂತು ಎಂದು ಬರೆದು ಸ್ಕ್ರೀನ್‌ಶಾಟ್ ಸೇರಿಸಿ.

ಇನ್ನೊಂದು ಕೆಲಸವನ್ನು ತುಂಬಾ ಜನ ಮರೆಯುತ್ತಾರೆ. ಮಗು ಶಾಲೆ ಬಿಟ್ಟ ಮೇಲೆ ಶಾಲೆಯವರು ಅದರ ಖಾತೆಯನ್ನು ಅಳಿಸಿಬಿಡುವ ಸಾಧ್ಯತೆ ಇದೆ, ಅದರ ಜೊತೆಗೆ ಬರೆದದ್ದೆಲ್ಲ ಹೋಗುತ್ತದೆ. ವರ್ಷದ ಕೊನೆಯಲ್ಲಿ ಡ್ರೈವ್‌ನಲ್ಲಿರುವ ಪ್ರಾಜೆಕ್ಟು, ಕಥೆ, ಚಿತ್ರಗಳನ್ನು ಇಳಿಸಿಕೊಂಡು ಮನೆಯ ಕಂಪ್ಯೂಟರಿನಲ್ಲಿ ಇಡಿ. ಆ ಎಲೆಯ ಚಿತ್ರ ನಮ್ಮಲ್ಲಿ ಇನ್ನೂ ಇದೆ.