ಹಳೇ ವಾಡೆ, ನಾಲ್ಕು ವಾರ, ಎಳ್ಳ ಅಮಾವಾಸ್ಯೆ: ತಿಂಗಳು ಹೊಂದಿಸೋದು ಹೇಗೆ

ಕ್ಯಾಲೆಂಡರ್ ಕೈಗೆ ತಗೊಳ್ಳಿ. ಮೊದಲು ಎಳ್ಳ ಅಮಾವಾಸ್ಯೆ (ಡಿಸೆಂಬರ್-ಜನವರಿ ಹೊತ್ತಿಗೆ ಬರುವ ನಮ್ಮ ಕಡೆಯ ಹೊಲದ ಹಬ್ಬ) ಯಾವತ್ತು ಬಂದಿದೆ ನೋಡಿ, ಅಲ್ಲಿಂದ ಹಿಂದಕ್ಕೆ ನಾಲ್ಕು ವಾರ ಎಣಿಸಿ. ನಮ್ಮ ಕಡೆ ಹಳೇ ವಾಡೆಯಲ್ಲಿ, ಅಂದ್ರೆ ಹಳೇ ಕಾಲದ ದೊಡ್ಡ ಮನೆಯಲ್ಲಿ, ಇರುವವರಿಗೆ ವರ್ಷದಲ್ಲಿ ಇದಕ್ಕಿಂತ ಒಳ್ಳೆ ತಿಂಗಳು ಇನ್ನೊಂದಿಲ್ಲ. ಬಿಸಿಲು ಹಿತವಾಗಿರುತ್ತದೆ, ಮಳೆ ಇರಲ್ಲ, ಹೊಲದಲ್ಲಿ ಜೋಳ ಕಡಲೆ ನಿಂತಿರುತ್ತವೆ, ಮಕ್ಕಳನ್ನು ಕರ್ಕೊಂಡು ಕೋಟೆ ಹತ್ತಬಹುದು. ಅದೇ ತಿಂಗಳಲ್ಲಿ ಗೋಡೆ ರಿಪೇರಿ ಆಗಬೇಕು, ಬೆಂಗಳೂರು ಪುಣೆಯಿಂದ ನೆಂಟರು ಬರಬೇಕು, ಅಡುಗೆ ಆಗಬೇಕು. ಎಲ್ಲಾ ಒಟ್ಟಿಗೆ ಮೈಮೇಲೆ ಬೀಳುತ್ತೆ.

ನಮ್ಮ ಮನೆ ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನಲ್ಲಿದೆ. ಕಲ್ಲು ಮಣ್ಣಿನ ಗೋಡೆ, ಸಾಗವಾನಿ ಕಂಬ, ಮಣ್ಣಿನ ಮಾಳಿಗೆ (ಚಾವಣಿ), ಪಡಸಾಲೆಯಲ್ಲಿ ಶಹಾಬಾದ್ ಕಲ್ಲಿನ ಹಾಸು. ನಾನು ಈ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷಗಳಲ್ಲಿ ಪ್ರವಾಸದ ತಾರೀಕು ಮೊದಲು ಗುರುತು ಹಾಕ್ತಿದ್ದೆ, ಮನೆ ಕೆಲಸವನ್ನು ಅದರ ಸಂದಿಯಲ್ಲಿ ತುರುಕ್ತಿದ್ದೆ. ಯಾವುದೂ ಸರಿಯಾಗಿ ಆಗ್ತಿರಲಿಲ್ಲ. ಈಗ ಉಲ್ಟಾ ಮಾಡ್ತೇನೆ. ಸುಣ್ಣ ಯಾವಾಗ ಅರಳಿಸಬೇಕು, ಗಿಲಾವು (ಗೋಡೆಗೆ ಗಾರೆ ಬಳಿಯೋದು) ಯಾವಾಗ ಆಗಬೇಕು ಅಂತ ಮೊದಲು ಬರೀತೇನೆ. ಸುಣ್ಣ ತನ್ನಷ್ಟಕ್ಕೆ ತಾನು ಕೂತಿರುವ ದಿನಗಳಲ್ಲಿ ನಾವು ಊರು ಬಿಡ್ತೇವೆ. ಗೋಡೆ ಹಸಿ ಇರುವಾಗ ಮನೆಯ ಹತ್ತಿರವೇ ಇರ್ತೇವೆ. ನೀವೂ ಹೀಗೇ ಮಾಡಿ.

ಮೊದಲ ವಾರದ ಕೆಲಸ ಒಂದೇ, ಸುಣ್ಣ ಅರಳಿಸೋದು. ಸುಟ್ಟ ಸುಣ್ಣದ ಕಲ್ಲು ತನ್ನಿ, ಹಿತ್ತಲಲ್ಲಿ ಗುಂಡಿ ತೋಡಿ ನೀರು ತುಂಬಿ, ಆ ನೀರಿಗೆ ಕಲ್ಲನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಕಲ್ಲಿನ ಮೇಲೆ ನೀರು ಸುರಿಯಬೇಡಿ, ಸಿಡಿಯುತ್ತೆ. ನೀರು ಕೊತಕೊತ ಕುದಿಯುತ್ತೆ, ಹಬೆ ಏಳುತ್ತೆ, ಒಂದು ಹನಿ ಕಣ್ಣಿಗೆ ಬಿದ್ದರೂ ಅನಾಹುತ. ಆ ದಿನ ಮಕ್ಕಳು ಹಿತ್ತಲಿಗೆ ಕಾಲಿಡಬಾರದು, ಅಜ್ಜಿ ಜೊತೆ ಪಡಸಾಲೆಯಲ್ಲಿ ಕೂರಲಿ. ಮಾಡುವವರು ಕನ್ನಡಕ, ಕೈಗವಸು ಹಾಕಲೇಬೇಕು, ಪ್ಲಾಸ್ಟಿಕ್ ಬಕೆಟ್ ಬಳಸಲೇಬಾರದು. ಪೂರ್ತಿ ತಣ್ಣಗಾದ ಮೇಲೆ ಸುಣ್ಣದ ಮೇಲೆ ನಾಲ್ಕು ಬೆರಳು ನೀರು ನಿಲ್ಲುವ ಹಾಗೆ ಬಿಟ್ಟು, ಗುಂಡಿಯ ಬಾಯಿಗೆ ಹಲಗೆ ಮುಚ್ಚಿ ಮೇಲೆ ಕಲ್ಲು ಹೇರಿ. ಕಡಿಮೆ ಅಂದ್ರೂ ಎರಡು ವಾರ ಅದನ್ನ ಮುಟ್ಟೋದು ಬೇಡ, ಎಷ್ಟು ದಿನ ಕೂತರೆ ಅಷ್ಟು ಬೆಣ್ಣೆ ಹಾಗೆ ಆಗುತ್ತೆ.

ಈ ಎರಡು ವಾರದಲ್ಲೇ ದೂರದ ಪ್ರವಾಸ ಮುಗಿಸಿಕೊಳ್ಳಿ. ನಾವು ಬೀದರಿಗೆ ಹೋಗ್ತೇವೆ, ಒಂದು ರಾತ್ರಿ ಅಲ್ಲೇ ಉಳೀತೇವೆ. 2017ರಲ್ಲಿ ಕಲಬುರಗಿ-ಬೀದರ್ ರೈಲು ಮಾರ್ಗ ಶುರುವಾದ ಮೇಲೆ ಮಕ್ಕಳಿಗೆ ಅದೇ ಖುಷಿ, ಬಸ್ಸಿನಲ್ಲಿ ವಾಂತಿ ಮಾಡುವ ಮಗಳು ರೈಲಿನಲ್ಲಿ ಕಿಟಕಿ ಬಿಟ್ಟು ಏಳಲ್ಲ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ಗಟ್ಟಿ ಮೊಸರು. ಇಷ್ಟಿದ್ದರೆ ಎರಡು ದಿನಕ್ಕೆ ಚಿಂತೆ ಇಲ್ಲ, ಹೋಟೆಲ್ ಹುಡುಕುತ್ತಾ ಮಧ್ಯಾಹ್ನ ಕಳೆಯೋದು ತಪ್ಪುತ್ತೆ.

ಬೀದರಿನಲ್ಲಿ ಎಲ್ಲಾ ನೋಡೋಕೆ ಹೋಗಬೇಡಿ. ನಾಲ್ಕು ಜಾಗ ಸಾಕು, ಆದರೆ ನಿಮ್ಮ ಮನೆಯನ್ನು ತಲೆಯಲ್ಲಿ ಇಟ್ಕೊಂಡು ನೋಡಿ. ಕೋಟೆಯೊಳಗಿನ ರಂಗೀನ್ ಮಹಲಿನ ಮರದ ಕಂಬಗಳನ್ನು ಮಕ್ಕಳಿಗೆ ತೋರಿಸಿ, ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪನ್ನೂ ತೋರಿಸಿ. ಬಾಗಿಲು ಹಾಕಿದ್ದರೆ ಅಲ್ಲಿನ ಸಿಬ್ಬಂದಿಯನ್ನು ಕೇಳಿ ನೋಡಿ. ಆಮೇಲೆ ಊರೊಳಗೆ ಮಹಮೂದ್ ಗವಾನ್ ಮದರಸಾ. 1472ರಲ್ಲಿ ಕಟ್ಟಿದ್ದು, 1696ರಲ್ಲಿ ಮದ್ದು ಸಿಡಿದು ಒಂದು ಭಾಗ ಹಾರಿಹೋಯ್ತು. ಉಳಿದ ಗೋಡೆಯ ಮೇಲೆ ನೀಲಿ ಹಂಚು ಇನ್ನೂ ಅಲ್ಲಲ್ಲಿ ಹೊಳೀತಿದೆ.

ನನಗೆ ಎಲ್ಲಕ್ಕಿಂತ ಇಷ್ಟ ಅಷ್ಟೂರಿನ ಗುಂಬಜ್‌ಗಳು, ಅದರಲ್ಲೂ ಬಹಮನಿ ಸುಲ್ತಾನ ಹುಮಾಯೂನ್ ಶಾಹನ ಗೋರಿ. ಸಿಡಿಲು ಬಡಿದು ಗುಂಬಜ್ ಅರ್ಧಕ್ಕೇ ಸೀಳಿಹೋಗಿದೆ, ಹಲಸಿನ ಹಣ್ಣು ಕೊಯ್ದಿಟ್ಟ ಹಾಗೆ ಒಳಗೆಲ್ಲಾ ಕಾಣುತ್ತೆ. ಗೋಡೆ ಎಷ್ಟು ದಪ್ಪ, ಗುಂಬಜ್ ಹೇಗೆ ಮೇಲೆ ಹೋಗ್ತಾ ತೆಳ್ಳಗಾಗುತ್ತೆ, ನಡುವೆ ಗಚ್ಚು ಹೇಗೆ ಹಿಡ್ಕೊಂಡಿದೆ, ಎಲ್ಲಾ. ಅಷ್ಟು ಹೋದರೂ ಉಳಿದರ್ಧ ನಿಂತೇ ಇದೆ. ಅದನ್ನ ನೋಡಿ ಮಗ ಕೇಳಿದ, "ಅಮ್ಮಾ, ನಮ್ಮನೆ ಗೋಡೆ ಒಳಗೂ ಹಿಂಗೇ ಇದೆಯಾ?" ಆ ಒಂದು ಪ್ರಶ್ನೆಗೆ ನನಗೆ ಎರಡು ದಿನದ ದಣಿವೆಲ್ಲಾ ಇಳಿದುಹೋಯ್ತು.

ಬಿದ್ರಿ ಕೆಲಸ ಮಾಡುವ ಅಂಗಡಿಯಲ್ಲಿ ಅರ್ಧ ತಾಸು ಕೂರಿ. ಕೊಳ್ಳದಿದ್ದರೂ ಪರವಾಗಿಲ್ಲ, ಮೊದಲೇ ಹೇಳಿ, ಕೆಲಸ ನೋಡಬಹುದಾ ಅಂತ ಕೇಳಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆ, ಅದರಲ್ಲಿ ಉಳಿಯಿಂದ ಗೀರು ತೆಗೆದು ಬೆಳ್ಳಿ ತಂತಿ ಕೂರಿಸ್ತಾರೆ. ಕೊನೆಗೆ ಕೋಟೆಯ ಹಳೇ ಮಣ್ಣು ಮತ್ತು ನವಸಾಗರ ಕಲಸಿದ ಬಿಸಿ ನೀರಿನಲ್ಲಿ ಹಾಕಿದರೆ ಸತುವು ಕಪ್ಪಾಗುತ್ತೆ, ಬೆಳ್ಳಿ ಬೆಳ್ಳಗೇ ಉಳಿಯುತ್ತೆ. ನಮ್ಮ ಕಣ್ಣೆದುರೇ ಬೂದು ಬಣ್ಣದ ತಟ್ಟೆಯೊಂದು ಕರ್ರಗಾಗಿ, ಅದರೊಳಗಿನ ಬಳ್ಳಿ ಎದ್ದು ಬಂತು. ಮಗಳು ಬಾಯಿ ಬಿಟ್ಟವಳು ಮುಚ್ಚಲಿಲ್ಲ.

ಊರು ಬಿಡುವ ಮುಂಚೆ ಮನೆಗೆ ಎರಡು ಕೆಲಸ ಮಾಡಿ. ಬೀಗದ ಕೈ ಪಕ್ಕದ ಮನೆಯವರಿಗೆ ಕೊಟ್ಟು ದಿನಕ್ಕೆ ಒಂದು ಸಲ ಬಾಗಿಲು ಕಿಟಕಿ ತೆರೆಯೋಕೆ ಹೇಳಿ. ಮುಚ್ಚಿಟ್ಟ ಹಳೇ ಮನೆಗೆ ಗೆದ್ದಲು, ಬಾವಲಿ ಬೇಗ ಬರ್ತವೆ. ಇನ್ನೊಂದು, ಗವಾಕ್ಷಿಗೆ ಮುಚ್ಚಳ ಹಾಕಿ, ಕೋತಿ ಇಳಿದರೆ ಅಡುಗೆಮನೆ ಗತಿ ಹೇಳೋದೇ ಬೇಡ.

ಮೂರನೇ ವಾರ ಗಿಲಾವು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೇನೆ: ಮಣ್ಣಿನ ಗೋಡೆಗೆ ಸಿಮೆಂಟ್ ಹಚ್ಚಬೇಡಿ. ನಮ್ಮ ಪಡುವಣ ಗೋಡೆಗೆ ಒಬ್ಬ ಗೌಂಡಿ ಮಾತು ಕೇಳಿ ಸಿಮೆಂಟ್ ಹಚ್ಚಿಸಿದ್ವಿ. ಮೂರು ಮಳೆಗಾಲ ಚೆನ್ನಾಗಿ ಕಂಡಿತು. ನಾಲ್ಕನೇ ವರ್ಷ ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಧಡ್ ಅಂತ ಸದ್ದು, ಬಾಗಿಲಷ್ಟು ದೊಡ್ಡ ಸಿಮೆಂಟಿನ ಪದರ ಒಂದೇ ತುಂಡಾಗಿ ಅಂಗಳಕ್ಕೆ ಬಿದ್ದಿತ್ತು. ಹಿಂದಿನ ಮಣ್ಣಿಗೆ ಬೆರಳಿಟ್ಟೆ, ಮುದ್ದೆಯೊಳಗೆ ಇಳಿದ ಹಾಗೆ ಇಳೀತು. ನೆಲದ ತೇವ ಗೋಡೆಗೆ ಏರುತ್ತೆ, ಸುಣ್ಣದ ಗಾರೆಯಾದರೆ ಅದು ಆವಿಯಾಗಿ ಹೊರಗೆ ಹೋಗುತ್ತೆ, ಸಿಮೆಂಟ್ ಅದನ್ನ ಒಳಗೇ ಕಟ್ಟಿಹಾಕುತ್ತೆ. ಮಕ್ಕಳು ಆಗಷ್ಟೇ ಆ ಅಂಗಳದಿಂದ ಒಳಗೆ ಬಂದಿದ್ರು. ಇವತ್ತಿಗೂ ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತೆ.

ಗಾರೆಗೆ ಒಂದು ಪಾಲು ಅರಳಿದ ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ತೊಳೆದ ಮರಳು. ಅಳಲೆಕಾಯಿ ಜಜ್ಜಿ ಬೆಲ್ಲದ ಜೊತೆ ನೆನೆಹಾಕಿದ ನೀರನ್ನ ಹಳಬರು ಕಲಸೋಕೆ ಬಳಸ್ತಿದ್ರು, ನಾವೂ ಬಳಸ್ತೇವೆ. ಗೋಡೆಯ ಸಡಿಲ ಮಣ್ಣು ಕೆರೆದು, ಚೆನ್ನಾಗಿ ನೀರು ಚಿಮುಕಿಸಿ, ಅರ್ಧ ಇಂಚಿಗಿಂತ ದಪ್ಪ ಆಗದ ಹಾಗೆ ಒಂದು ಪದರ. ಅದು ಬಿಗಿದ ಮೇಲೆ ಇನ್ನೊಂದು. ಒಂದೇ ಸಲ ದಪ್ಪ ಬಳಿದರೆ ಬಿರುಕು ಖಂಡಿತ. ಆಮೇಲೆ ಒದ್ದೆ ಗೋಣಿ ತಟ್ಟು ಇಳಿಬಿಟ್ಟು ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೀರು ಚಿಮುಕಿಸಬೇಕು. ಬೇಸಿಗೆಯಲ್ಲಿ ಈ ಕೆಲಸ ಮಾಡಿದರೆ ನೀರು ನಿಲ್ಲಲ್ಲ, ಗಾರೆ ಬೇಗ ಒಣಗಿ ಪುಡಿ ಉದುರುತ್ತೆ. ಚಳಿಗಾಲವೇ ಬೇಕು ಅನ್ನೋದು ಇದಕ್ಕೇ. ನೀರು ಚಿಮುಕಿಸೋದನ್ನ ಮಕ್ಕಳಿಗೆ ವಹಿಸಿ, ಜಗಳ ಆಡಿ ಮಾಡ್ತಾರೆ.

ಈ ವಾರ ದೂರ ಹೋಗೋಕಾಗಲ್ಲ ಅಲ್ವಾ? ಅರ್ಧ ದಿನದ ಜಾಗ ಹಿಡೀರಿ. ನಮಗೆ ಸನ್ನತಿ ಹತ್ತಿರ. ಬೆಳಿಗ್ಗೆ ನೀರು ಚಿಮುಕಿಸಿ ಹೊರಟರೆ ಮಧ್ಯಾಹ್ನಕ್ಕೆ ವಾಪಸ್. ಭೀಮಾ ತೀರದ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1986ರಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದು ಬಿತ್ತು. ಮೂರ್ತಿ ಒಡೆಯಿತು, ಆದರೆ ಅದರ ಕೆಳಗಿನ ಕಲ್ಲಿನಲ್ಲಿ ಅಶೋಕನ ಶಾಸನ ಇತ್ತು! ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಸ್ತೂಪ ಸಿಕ್ಕಿತು, ಅಶೋಕನ ಉಬ್ಬುಶಿಲ್ಪ ಸಿಕ್ಕಿತು, ಮೇಲೆ ಬ್ರಾಹ್ಮಿ ಲಿಪಿಯಲ್ಲಿ "ರಾಯೋ ಅಸೋಕೋ" ಅಂತ ಹೆಸರೂ ಇದೆ. ನಮ್ಮ ಜಿಲ್ಲೆಯಲ್ಲಿ ಇಂಥದ್ದು ಇದೆ ಅಂತ ಎಷ್ಟು ಮಕ್ಕಳಿಗೆ ಗೊತ್ತು? ಇನ್ನೊಂದು ಬೆಳಿಗ್ಗೆ ಮಳಖೇಡ, ಕಾಗಿಣಾ ನದಿ ದಂಡೆಯ ಕೋಟೆ, ರಾಷ್ಟ್ರಕೂಟ ಅಮೋಘವರ್ಷನ ರಾಜಧಾನಿ ಮಾನ್ಯಖೇಟ. ಚಪ್ಪಲಿ ಬೇಡ, ಬೂಟು ಹಾಕಿಸಿ, ಕಾಲಡಿ ಕಲ್ಲು ಸಡಿಲ. ಅತ್ತೆಯವರನ್ನ ಮೇಲೆ ಹತ್ತಿಸಲ್ಲ, ಕೆಳಗೆ ಮಠದ ಹತ್ತಿರ ಕೂರಿಸಿ ಚಹಾದ ಫ್ಲಾಸ್ಕ್ ಕೊಟ್ಟು ಹೋಗ್ತೇವೆ.

ನಾಲ್ಕನೇ ವಾರ ಸುಣ್ಣ ಬಳಿಯೋದು, ನೆಂಟರು ಬರೋದು. ನೆಂಟರ ಮಕ್ಕಳು ಬರುವ ಮುಂಚೆ ಅಂಗಳದ ಹಗೇವಿನ (ಕಾಳು ತುಂಬಿಡುವ ನೆಲದೊಳಗಿನ ಗುಂಡಿ) ಬಾಯಿ ನೋಡಿ. ಖಾಲಿ ಹಗೇವು ಎಷ್ಟೋ ಮನೆಯಲ್ಲಿ ಒಂದು ಹಲಗೆ ಮುಚ್ಚಿ ಹಾಗೇ ಬಿಟ್ಟಿರ್ತಾರೆ. ಭಾರದ ಹಾಸುಗಲ್ಲು ಹಾಕಿ. ತೋರಿಸಬೇಕು ಅನ್ನಿಸಿದರೆ ತೆರೆದು ಮೇಲಿಂದ ಬ್ಯಾಟರಿ ಬಿಟ್ಟು ತೋರಿಸಿ, ಯಾರೂ ಒಳಗೆ ಇಳಿಯೋದು ಬೇಡ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತೆ, ಇಳಿದವರು ಉಸಿರುಗಟ್ಟಿ ಸಾಯ್ತಾರೆ, ಎತ್ತೋಕೆ ಇಳಿದವರೂ ಹೋಗ್ತಾರೆ.

ಮಲಗೋಕೆ ಜಾಗದ ಚಿಂತೆ ಬೇಡ. ಪಡಸಾಲೆಯಲ್ಲಿ ಜಮಖಾನ ಹಾಸಿ ಎಲ್ಲರಿಗೂ ಕೌದಿ ಕೊಡಿ, ದಪ್ಪ ಗೋಡೆ ಹಗಲಿನ ಬಿಸಿ ಹಿಡಿದಿಟ್ಟಿರುತ್ತೆ, ಹೊರಗೆ ಚಳಿ ಕಚ್ಚಿದರೂ ಒಳಗೆ ಬೆಚ್ಚಗೆ. ಹೊಸ ಸುಣ್ಣಕ್ಕೆ ಯಾರೂ ಒರಗದ ಹಾಗೆ ಗೋಡೆಯಿಂದ ಒಂದು ಮೊಳ ಬಿಟ್ಟು ಹಾಸಿ.

ಅಡುಗೆಯನ್ನ ಮೂರು ದಿನಕ್ಕೆ ಹಂಚಿ. ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ ಮೂರು ದಿನ ಮುಂಚೆಯೇ ಬಡಿದು ಒಣಗಿಸಿಡಿ. ಶೇಂಗಾ ಹೋಳಿಗೆ ಹಿಂದಿನ ದಿನ. ಕಡಬು ಮತ್ತು ಭಜ್ಜಿ (ಕಾಳು ಸೊಪ್ಪಿನ ಪಲ್ಯ) ಮಾತ್ರ ಬೆಳಗ್ಗೆ. ಭಜ್ಜಿಗೆ ಹಸಿ ತೊಗರಿ, ಅವರೆ, ಕಡಲೆ, ಸೊಪ್ಪು, ಸಿಕ್ಕಿದ್ದೆಲ್ಲಾ ಬೀಳಬೇಕು, ಅದನ್ನ ಬಿಡಿಸುವ ಕೆಲಸಕ್ಕೆ ಹಿಂದಿನ ರಾತ್ರಿ ಪಟ್ಟಣದಿಂದ ಬಂದ ಎಲ್ಲರನ್ನೂ ಮೊರಗಳ ಮುಂದೆ ಕೂರಿಸಿ, ಮೊಬೈಲ್ ಬದಿಗಿಡ್ತಾರೆ, ಕಾಕಾ ಅತ್ತೆಯರ ಹಳೇ ಕಥೆ ತಾನಾಗೇ ಶುರುವಾಗುತ್ತೆ.

ಎಳ್ಳ ಅಮಾವಾಸ್ಯೆ ದಿನ ಹತ್ತು ಗಂಟೆಗೆ ಬುತ್ತಿ ಕಟ್ಟಿ ಹೊಲಕ್ಕೆ ಹೊರಡಿ. ಚರಗ ಚೆಲ್ಲೋದನ್ನ (ಹೊಲಕ್ಕೆ ಎಡೆಯ ಅಡುಗೆ ಚೆಲ್ಲೋದು) ದೊಡ್ಡವರೇ ಮಾಡಿ ಮುಗಿಸಬೇಡಿ, ಪ್ರತಿ ಮಗುವಿನ ಕೈಯಲ್ಲೂ ಒಂದು ಹಿಡಿ ಕೊಡಿ. ಊಟ ಮುಗಿದ ಮೇಲೆ ತಡ ಮಾಡದೆ ಕತ್ತಲಾಗುವ ಮುಂಚೆ ಮನೆಗೆ ಬನ್ನಿ, ಆ ದಿನ ರಸ್ತೆ ತುಂಬಾ ಟ್ರ್ಯಾಕ್ಟರ್.

ನೆಂಟರು ಇನ್ನೂ ಎರಡು ದಿನ ಇದ್ದರೆ ಅವರನ್ನ ಸುರಪುರಕ್ಕೆ ಕರ್ಕೊಂಡು ಹೋಗಿ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿ, ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1844ರಲ್ಲಿ ಕಟ್ಟಿಸಿಕೊಂಡ ಬಂಗಲೆ. ಅಲ್ಲಿಂದ ಬೋನಾಳ ಕೆರೆ ಹತ್ತಿರ, ಈ ಕಾಲಕ್ಕೆ ವಲಸೆ ಹಕ್ಕಿಗಳು ಬಂದಿರ್ತವೆ, ದೂರದರ್ಶಕ ಇದ್ದರೆ ಮರೀಬೇಡಿ.

ಎಲ್ಲರೂ ಬಸ್ಸು ಹತ್ತಿದ ಮೇಲೆ ಒಂದು ನೋಟ್‌ಬುಕ್ ಹಿಡಿದು ಮನೆಯನ್ನ ಒಂದು ಸುತ್ತು ಹಾಕಿ. ಯಾವ ಗೋಡೆಗೆ ಎಷ್ಟು ಸುಣ್ಣ ಹೋಯ್ತು, ಯಾವ ಜಂತಿಗೆ ಗೆದ್ದಲ ಗೆರೆ ಬಂದಿದೆ, ಮಾಳಿಗೆಯಲ್ಲಿ ಎಲ್ಲಿ ಅರಳಿ ಸಸಿ ಎದ್ದಿದೆ, ಬರೆದಿಡಿ. ಸಸಿಯನ್ನ ಅವತ್ತೇ ಬೇರು ಸಮೇತ ಕೀಳಿ. ಮಾಳಿಗೆಗೆ ಸವಳು ಮಣ್ಣು ಹಾಕೋದು ಮೇ ತಿಂಗಳ ಕೆಲಸ, ಎರಡು ಟ್ರ್ಯಾಕ್ಟರ್ ಮಣ್ಣಿಗೆ ಈಗಲೇ ಹೇಳಿಡಿ.