ಹಲ್ಲಿನ ಎಕ್ಸ್‌ರೇ: ಬಣ್ಣ ಕೆಟ್ಟಿತೋ, ಆಕಾರ ಕೆಟ್ಟಿತೋ?

ಮುಂಬೈಯ ಮಾಟುಂಗಾದ ನಮ್ಮ ದಂತ ಚಿಕಿತ್ಸಾಲಯಕ್ಕೆ ಕೆಲಸ ಕಲಿಯಲು ಬರುವ ಕನ್ನಡದ ಹುಡುಗ ಹುಡುಗಿಯರು, ಎಕ್ಸ್‌ರೇ ಸರಿಯಾಗಿ ಬರಲಿಲ್ಲವೆಂದರೆ ಮೊದಲು ಕೈಹಾಕುವುದು ಕಿರಣ ಎಷ್ಟು ಹೊತ್ತು ಬರಬೇಕೆಂದು ಗೊತ್ತುಮಾಡುವ ಟೈಮರಿಗೆ. ಅದಕ್ಕೆ ಮುನ್ನ ಕೆಟ್ಟಿರುವುದು ಚಿತ್ರದ ಕಪ್ಪು-ಬಿಳುಪೋ ಆಕಾರವೋ ಎಂದು ನೋಡಿಕೊಳ್ಳಬೇಕು. ಕಪ್ಪು-ಬಿಳುಪನ್ನು ಕಂಪ್ಯೂಟರಿನಲ್ಲಿ ಸ್ವಲ್ಪಮಟ್ಟಿಗೆ ತಿದ್ದಬಹುದು; ಆಕಾರ ಕೆಟ್ಟರೆ ಇಲ್ಲವೇ ಅಂಚು ಮಸುಕಾದರೆ ಮತ್ತೆ ತೆಗೆಯುವುದೊಂದೇ ದಾರಿ, ಅಂದರೆ ರೋಗಿಗೆ ಇನ್ನೊಮ್ಮೆ ವಿಕಿರಣ.

ಅನೇಕ ಯಂತ್ರಗಳಲ್ಲಿ ಮಿಲಿಆಂಪಿಯರ್ (ಕಿರಣದ ಪ್ರಮಾಣವನ್ನು ನಿರ್ಧರಿಸುವ ವಿದ್ಯುತ್ ಪ್ರವಾಹ) ಸ್ಥಿರವಾಗಿರುವುದರಿಂದ ಚಿತ್ರದ ಒಟ್ಟು ಕಪ್ಪನ್ನು ಹೊಂದಿಸಲು ನಮಗೆ ಉಳಿಯುವುದು ಕಿರಣ ಬಿಡುವ ಕಾಲ ಮಾತ್ರ. ದೊಡ್ಡವರಿಗಿಂತ ಮಕ್ಕಳಿಗೆ, ಮೇಲಿನ ದವಡೆಹಲ್ಲಿಗಿಂತ ಬಾಚಿಹಲ್ಲಿಗೆ ಕಡಿಮೆ ಕಾಲ ಸಾಕು. ಕಿಲೋವೋಲ್ಟ್ (ಕಿರಣ ಎಷ್ಟು ಆಳಕ್ಕೆ ತೂರಬಲ್ಲದೆಂದು ನಿರ್ಧರಿಸುವ ವೋಲ್ಟೇಜ್) ಬದಲಿಸಬಹುದಾದ ಯಂತ್ರದಲ್ಲಿ 60ಕ್ಕೆ ಇಟ್ಟರೆ ಕಪ್ಪು-ಬಿಳುಪಿನ ಅಂತರ ಹೆಚ್ಚಿ ಹುಳುಕು ಎದ್ದು ಕಾಣುತ್ತದೆ. 70ಕ್ಕೆ ಏರಿಸಿದರೆ ನಡುವಣ ಬೂದುಛಾಯೆಗಳು ಹೆಚ್ಚಿ ಮೂಳೆಯ ಸೂಕ್ಷ್ಮ ಬದಲಾವಣೆ ತಿಳಿಯುತ್ತದೆ. ಫಿಲ್ಮಿನ ಬದಲು ಬಾಯೊಳಗೆ ಇಡುವ ಡಿಜಿಟಲ್ ಆರ್‌ವಿಜಿ ಸೆನ್ಸರಿನಲ್ಲಿ ಒಂದು ಮೋಸವಿದೆ: ಕಾಲ ಕಡಿಮೆಯಾದರೆ ಚಿತ್ರ ಮರಳು ಚೆಲ್ಲಿದಂತೆ ಕಾಣುತ್ತದೆ, ಹೆಚ್ಚಾದರೆ ತಂತ್ರಾಂಶವೇ ಅದನ್ನು ಸರಿಪಡಿಸಿ ನಮ್ಮ ತಪ್ಪನ್ನು ಮುಚ್ಚಿಬಿಡುತ್ತದೆ.

ಆಕಾರದ ವಿಷಯ ಇಷ್ಟು ಸುಲಭವಲ್ಲ. ಮುಂಬೈಯ ಇಕ್ಕಟ್ಟಾದ ಕೋಣೆಗಳಲ್ಲಿ ಉದ್ದ ಕೋನ್ (ಯಂತ್ರದಿಂದ ಕಿರಣ ಹೊರಬರುವ ಕೊಳವೆ) ತಿರುಗಿಸಲು ಜಾಗವಿಲ್ಲವೆಂದು ಗಿಡ್ಡ ಕೋನನ್ನೇ ಬಳಸುವವರಿದ್ದಾರೆ, ನಾನೂ ಬಳಸಿದ್ದೇನೆ. ಹಲ್ಲು ಸೆನ್ಸರಿನಿಂದ 2 ಸೆಂ.ಮೀ. ದೂರದಲ್ಲಿದೆ ಎನ್ನೋಣ. ಗಿಡ್ಡ ಕೋನಿನಲ್ಲಿ ಕಿರಣದ ಮೂಲದಿಂದ ಸೆನ್ಸರಿಗೆ 20 ಸೆಂ.ಮೀ. ಇದ್ದರೆ 20 ಮಿ.ಮೀ. ಉದ್ದದ ಹಲ್ಲು ಚಿತ್ರದಲ್ಲಿ ಸುಮಾರು 22 ಮಿ.ಮೀ. ಆಗುತ್ತದೆ, ಉದ್ದ ಕೋನಿನಲ್ಲಿ 40 ಸೆಂ.ಮೀ. ಇದ್ದರೆ ಸುಮಾರು 21. ಬೇರುನಾಳದ ಉದ್ದ ಅಳೆಯುವಾಗ ಆ ಒಂದು ಮಿಲಿಮೀಟರ್ ಸಣ್ಣದಲ್ಲ. ಉದ್ದ ಕೋನಿನಲ್ಲಿ ಅಂಚೂ ಹೆಚ್ಚು ಚೂಪಾಗಿ ಬರುತ್ತದೆ, ಆದರೆ ದೂರ ಇಮ್ಮಡಿಯಾದಾಗ ಕಿರಣದ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುವುದರಿಂದ ಕಾಲವನ್ನು ನಾಲ್ಕು ಪಟ್ಟು ಮಾಡಬೇಕು, ಅಷ್ಟು ಹೊತ್ತು ರೋಗಿ ಅಲುಗದಂತೆಯೂ ನೋಡಿಕೊಳ್ಳಬೇಕು. ಯಂತ್ರದ ತೋಳು ಸಡಿಲವಾಗಿ ತಲೆಭಾಗ ತೂಗಾಡುತ್ತಿದ್ದರೆ ರೋಗಿ ಕಲ್ಲಿನಂತೆ ಕುಳಿತರೂ ಚಿತ್ರ ಮಸುಕೇ.

ಕಿರಣದ ಓರೆಯನ್ನು ನೆರಳಿನ ಲೆಕ್ಕದಲ್ಲಿ ನೆನಪಿಡಿ. ಸಂಜೆಯ ಬಿಸಿಲಿನಂತೆ ಕಿರಣ ಅಡ್ಡಡ್ಡ ಬಂದರೆ ಹಲ್ಲು ನೀಳವಾಗುತ್ತದೆ, ಮಧ್ಯಾಹ್ನದ ಬಿಸಿಲಿನಂತೆ ಕಡಿದಾಗಿ ಬಿದ್ದರೆ ಗಿಡ್ಡವಾಗುತ್ತದೆ. ಹೋಲ್ಡರ್ ಬಳಸಿ ಸೆನ್ಸರನ್ನು ಹಲ್ಲಿನ ಉದ್ದಕ್ಕೆ ಸಮಾಂತರವಾಗಿಟ್ಟು, ಕಿರಣ ಎರಡಕ್ಕೂ ಲಂಬವಾಗಿ ಬೀಳುವಂತೆ ಮಾಡಿದರೆ ಈ ತೊಂದರೆ ಬಹುತೇಕ ತಪ್ಪುತ್ತದೆ. ಅಂಗುಳ ಎತ್ತರವಿಲ್ಲದೆ ಚಪ್ಪಟೆಯಾಗಿರುವವರಲ್ಲಿ ಪೂರ್ತಿ ಸಮಾಂತರ ಸಾಧ್ಯವಾಗದು; ಸ್ವಲ್ಪ ಓರೆಯನ್ನು ಒಪ್ಪಿಕೊಳ್ಳಬೇಕು.

ರೋಗಿ ಕುರ್ಚಿಯಿಂದ ಏಳುವ ಮೊದಲೇ ಚಿತ್ರವನ್ನು ನೋಡಿ. ಬೇರಿನ ತುದಿಯ ಆಚೆ 2-3 ಮಿ.ಮೀ. ಮೂಳೆ ಕಾಣಬೇಕು. ಅಕ್ಕಪಕ್ಕದ ಹಲ್ಲುಗಳು ಒಂದರ ಮೇಲೊಂದು ಬಿದ್ದಿದ್ದರೆ ಕೋನನ್ನು ಮೇಲೆ ಕೆಳಗೆ ಮಾಡಿ ಫಲವಿಲ್ಲ. ಕಿರಣ ಹಲ್ಲುಗಳ ಸಂದಿಯಲ್ಲಿ ನೇರವಾಗಿ ಹಾಯುವಂತೆ ಎಡಕ್ಕೋ ಬಲಕ್ಕೋ ಸರಿಸಬೇಕು.